ಅಪ್ಪ ಹೇಳಿದ್ದು

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಬಾಯಿ’ ಅನ್ನುತ್ತಿದ್ದರು. ಬಾಗಿಲಿಗೆ ಯಾರಾದರೂ ಬಂದರೆ, ಫೋನು ಬಡಿದುಕೊಂಡರೆ, ಸರ್ಕಾರಿ ಸೀಲು ಬಿದ್ದ ಲಕೋಟೆ ಬಂದರೆ ಅಪ್ಪ ಕೂತಲ್ಲಿಂದಲೇ ‘ಎಲ್ಲಿ ನಮ್ಮ ಬಾಯಿ?’ ಎಂದು ಕೂಗುತ್ತಿದ್ದರು. ನಾನು ಬಚ್ಚಲಲ್ಲಿರಲಿ, ಜ್ವರ ಬಂದು ಮಲಗಿರಲಿ, ಎದ್ದು ಬರಲೇಬೇಕು. ಈ ದೇಶಕ್ಕೆ ಬಂದಾಗ ನನಗೆ ಹತ್ತು ವರ್ಷ. ಆರೇ ತಿಂಗಳಲ್ಲಿ ಇಲ್ಲಿಯ ಭಾಷೆ ನನ್ನ ನಾಲಗೆಗೆ ಹತ್ತಿತು. ಅಪ್ಪ ಅಮ್ಮನಿಗೆ ಹದಿಮೂರು ವರ್ಷವಾದರೂ ಹತ್ತಲಿಲ್ಲ. ಹತ್ತಲಿಲ್ಲ ಅನ್ನುವುದಕ್ಕಿಂತ, ಹೇಗೂ ಇವಳಿದ್ದಾಳಲ್ಲ ಎಂದು ಹತ್ತಿಸಿಕೊಳ್ಳಲಿಲ್ಲ ಅನ್ನಬೇಕು. ಈ ಮಾತು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ. ಸಿಟ್ಟಿಲ್ಲದೆ ಇದನ್ನು ಹೇಳುವುದು ನನ್ನಿಂದ ಆಗದ ಕೆಲಸ.

ಅಪ್ಪ ಅಲ್ಲಿ ಬಸ್ ನಿಲ್ದಾಣದಲ್ಲಿ ಮೈಕಿನವರಾಗಿದ್ದರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದಿದೆ, ಯಾರ ಚೀಲ ಸಿಕ್ಕಿದೆ, ಎಲ್ಲ ಅವರ ಗಂಟಲಲ್ಲೇ ಊರಿಗೆ ತಿಳಿಯಬೇಕಿತ್ತು. ಅವರು ‘ಪ್ರಯಾಣಿಕರ ಗಮನಕ್ಕೆ’ ಅಂದರೆ ಜಗಳವಾಡುತ್ತಿದ್ದವರೂ ಒಂದು ಗಳಿಗೆ ಬಾಯಿ ಮುಚ್ಚುತ್ತಿದ್ದರಂತೆ. ಇದು ಅಮ್ಮ ಹೇಳುವ ಮಾತು, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಇಲ್ಲಿ ಅವರು ತರಕಾರಿ ಇಡುವ ಶೀತಲಗೃಹದಲ್ಲಿ ಪೆಟ್ಟಿಗೆ ಎತ್ತಿ ಇಳಿಸುತ್ತಾರೆ. ಅಲ್ಲಿ ಬಾಯಿ ತೆರೆದರೆ ಹೊಗೆ ಬರುತ್ತದೆಯೇ ಹೊರತು ಮಾತು ಬೇಕಾಗುವುದಿಲ್ಲ. ಅಮ್ಮ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಒಗೆದ ಹಾಸಿಗೆ ಬಟ್ಟೆ ಮಡಿಸುತ್ತಾಳೆ. ಬೇಕು, ಬೇಡ, ಆಯಿತು, ಥ್ಯಾಂಕ್ಸ್. ಈ ನಾಲ್ಕು ಪದದಲ್ಲಿ ಅವಳು ಹದಿಮೂರು ವರ್ಷ ಕಳೆದಿದ್ದಾಳೆ.

ಇನ್ನು ನನ್ನ ಕೆಲಸದ ರೀತಿ. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ದಾಟಿಸುವಾಗ ಅದರ ಮುಳ್ಳು ಕಿತ್ತು ದಾಟಿಸುವುದು ನನಗೆ ಚಿಕ್ಕಂದಿನಿಂದ ರೂಢಿ. ಮನೆ ಮಾಲೀಕ ಬಂದು, ನಿಮ್ಮ ಅಡುಗೆಯ ವಾಸನೆಗೆ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಕೂಗಾಡಿದರೆ, ಕಿಟಕಿ ತೆಗೆದಿಡಬೇಕಂತೆ ಎಂದು ಅಪ್ಪನಿಗೆ ಹೇಳುತ್ತಿದ್ದೆ. ಅವನ ಮೆಟ್ಟಿಲನ್ನ ಅವನೇ ನೆಕ್ಕಿಕೊಳ್ಳಲಿ ಎಂದು ಅಪ್ಪ ಅಂದರೆ, ಆಗಲಿ ತೆಗೀತೀವಿ ಎಂದು ಮಾಲೀಕನಿಗೆ ಹೇಳುತ್ತಿದ್ದೆ. ಇಬ್ಬರೂ ತಲೆಯಾಡಿಸಿ ನೆಮ್ಮದಿಯಾಗಿ ಒಳಗೆ ಹೋಗುತ್ತಿದ್ದರು. ನನ್ನಿಂದಾಗಿ ಆ ಕಟ್ಟಡದಲ್ಲಿ ಎಷ್ಟು ಜಗಳ ತಪ್ಪಿದೆಯೋ ದೇವರಿಗೇ ಗೊತ್ತು. ಹಾಗೆಂದುಕೊಂಡು ಬೀಗುತ್ತಿದ್ದೆ ಕೂಡ.

ಎಲ್ಲ ಹಾಗೆ ನಗುವಂಥದ್ದಲ್ಲ. ನನಗೆ ಹನ್ನೆರಡಾದಾಗ ಅಮ್ಮನಿಗೆ ಹೊಟ್ಟೆಯಲ್ಲೇ ಮಗು ಹೋಯಿತು. ಆಪರೇಷನ್ ಆದಮೇಲೆ ಡಾಕ್ಟರು ಮಂಚದ ಪಕ್ಕ ನಿಂತು, ಇವರಿಗೆ ಇನ್ನು ಮಕ್ಕಳಾಗುವುದಿಲ್ಲ ಎಂದು ನನಗೆ ಹೇಳಿದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅತ್ತೂ ಅತ್ತೂ ಅವಳ ಕಣ್ಣು ಊದಿದ್ದವು. ಸ್ವಲ್ಪ ದಿನ ಕಾಯಬೇಕಂತೆ ಅಂದುಬಿಟ್ಟೆ. ಅವಳು ಕಾದಳು. ನನ್ನ ಹಳೆಯ ಪುಟ್ಟ ಸ್ವೆಟರುಗಳನ್ನು ಒಗೆದು ಮಡಿಸಿಟ್ಟು ಎರಡು ವರ್ಷ ಕಾದಳು. ಹದಿನಾಲ್ಕರಲ್ಲಿ ನಾನೇ ತಡೆಯಲಾರದೆ ನಿಜ ಹೇಳಿದೆ. ಬೈಯಲಿಲ್ಲ, ಹೊಡೆಯಲಿಲ್ಲ. ‘ನೀನೂ ಮಗುನೇ ಅಲ್ವಾ’ ಅಂದಳು, ಅಷ್ಟೆ. ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಹತ್ತೊಂಬತ್ತಕ್ಕೆ ನನಗೆ ದೊಡ್ಡಾಸ್ಪತ್ರೆಯ ಹಿಂದಿನ ಕಾರ್ಯಾಗಾರದಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಕಾಲು ಕಳೆದುಕೊಂಡವರಿಗೆ ಅಲ್ಲಿ ಕೃತಕ ಕಾಲು ಮಾಡುತ್ತಾರೆ. ಉಳಿದ ಮೊಂಡುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರ್ ಸುರಿದು, ಆರಿದಮೇಲೆ ಆ ಬಿಳಿ ದಿಮ್ಮಿಯನ್ನು ಅರದಿಂದ ಉಜ್ಜಿ ತಿದ್ದುತ್ತಾರೆ. ಅದರ ಮೇಲೆ ಕಾಲು ಕೂರುವ ಬಟ್ಟಲು ತಯಾರಾಗುತ್ತದೆ. ಸಂಜೆಯಾಗುವಷ್ಟರಲ್ಲಿ ನೆಲ, ಕಿಟಕಿ, ನನ್ನ ಹುಬ್ಬು ಎಲ್ಲ ಬೆಳ್ಳಗಾಗುತ್ತಿದ್ದವು. ಅಲ್ಲಿಯ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಕನ್ನಡಕದ ಗಾಜಿನ ಮೇಲೆ ಸದಾ ಪುಡಿ.

ಒಂದು ದಿನ ಒಬ್ಬ ಅಂಚೆ ಹಂಚುವ ಹೆಂಗಸು ಹೊಸ ಕಾಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ನೋವಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆದರೆ ಎಡಭುಜ ಇಳಿದಿತ್ತು, ಕೆಳದುಟಿ ಹಲ್ಲಿನ ನಡುವೆ ಸಿಕ್ಕಿತ್ತು. ನನಗೆ ತಡೆಯಲಾಗಲಿಲ್ಲ. ಪೊರಕೆ ಹಿಡಿದುಕೊಂಡೇ, ಅವಳಿಗೆ ಮಂಡಿಯ ಕೆಳಗೆ ಹೊರಗಡೆ ಎಲುಬು ಒತ್ತುತ್ತಿದೆ ಅಂದೆ. ಮೇಷ್ಟ್ರು ಕಾಲು ಬಿಚ್ಚಿ ನೋಡಿದರು. ಅಲ್ಲೇ ಕೆಂಪಗೆ ಕಂದಿತ್ತು. ಅವರು ನನ್ನ ಕೈಯ ಪೊರಕೆ ತೆಗೆದು ಗೋಡೆಗೆ ಒರಗಿಸಿ, ಅರ ಕೊಟ್ಟರು. ಎಲುಬಿರುವ ಕಡೆ ಜಾಗ ಬಿಡಬೇಕು, ಭಾರ ತಾಳುವ ಮಾಂಸದ ಮೇಲೆ ಭಾರ ಕೂರಿಸಬೇಕು, ಮಿಕ್ಕಿದ್ದೆಲ್ಲ ಬೆರಳಿಗೆ ತಾನಾಗಿ ತಿಳಿಯುತ್ತದೆ ಎಂದರು. ಎರಡು ವಾರದ ನಂತರ ನಾನು ತಿದ್ದಿದ ದಿಮ್ಮಿಯಿಂದ ಮಾಡಿದ ಕಾಲು ಹಾಕಿಕೊಂಡು ಆ ಹೆಂಗಸು ಎರಡು ಸಲ ಆಚೀಚೆ ನಡೆದಳು. ಆಮೇಲೆ ಶೌಚಾಲಯ ಎಲ್ಲಿದೆ ಎಂದು ಕೇಳಿ, ಯಾರ ಕೈಯನ್ನೂ ಹಿಡಿಯದೆ ನಡೆದು ಹೋದಳು. ನಾನು ಪುಡಿಯ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ. ಜನ್ಮದಲ್ಲಿ ಮೊದಲ ಸಲ ಬಾಯಿಯಿಂದಲ್ಲದೆ ಕೈಯಿಂದ ನಾನೊಂದು ಕೆಲಸ ಮಾಡಿದ್ದೆ. ಅದೊಂದೇ ನನಗೆ ಬೇಕಾಗಿದ್ದದ್ದು. ಬೇರೇನೂ ಬೇಡವಾಗಿತ್ತು.

ಆದರೆ ಅರ ಹಿಡಿದ ಮಾತ್ರಕ್ಕೆ ಕಾಲು ಮಾಡುವವಳಾಗುವುದಿಲ್ಲ. ಎಂಟು ಗಂಟೆ ರೈಲಿನ ದೂರದ ಒಂದು ದೊಡ್ಡ ಊರಿನಲ್ಲಿ ಮೂರು ವರ್ಷ ಕಲಿಯಬೇಕು. ಎರಡು ವರ್ಷಕ್ಕೊಮ್ಮೆ ಒಬ್ಬರನ್ನು ಕಳಿಸುವ ಹಕ್ಕು ಮೇಷ್ಟ್ರಿಗಿತ್ತು. ಊಟ, ವಸತಿ ಎಲ್ಲ ಆಸ್ಪತ್ರೆಯ ಖರ್ಚು. ನಾಲ್ಕು ವರ್ಷ ನನ್ನನ್ನು ನೋಡಿದ ಮೇಲೆ ಅವರು ಈ ಸಲ ನೀನು ಅಂದರು. ಒಂದೇ ಒಂದು ಷರತ್ತು. ಹಿಂದೆ ಅವರು ಕಳಿಸಿದ್ದ ಹುಡುಗಿಯನ್ನು ಅವಳ ಮನೆಯವರು ನಾಲ್ಕೇ ತಿಂಗಳಿಗೆ ವಾಪಸು ಕರೆಸಿಕೊಂಡಿದ್ದರು, ಜಾಗ ಹಾಳಾಗಿತ್ತು. ಅಂದಿನಿಂದ ಮೇಷ್ಟ್ರು ತಾವೇ ಮನೆಗೆ ಹೋಗಿ ಹಿರಿಯರ ಬಾಯಿಂದ ಒಪ್ಪಿಗೆ ಕೇಳಿಯೇ ಕಳಿಸುತ್ತಿದ್ದರು. ಕಾಗದ ಬೇಡ, ಸಹಿ ಬೇಡ, ಮಾತು ಸಾಕು ಅನ್ನುತ್ತಿದ್ದರು.

ಮನೆಯಲ್ಲಿ ಹೇಳಿದೆ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಮ್ಮ ಮಾತ್ರ ಮೆಲ್ಲಗೆ, ‘ನೀನು ಹೋದ್ರೆ ನಾನು ಆ ಡಾಕ್ಟ್ರ ಹತ್ರ ಹೋಗಿ ಏನಂತ ಹೇಳ್ಲಿ?’ ಅಂದಳು. ಅವಳಿಗೆ ಬಲಗಡೆ ಪಕ್ಕೆಯಲ್ಲಿ ಮೂರು ತಿಂಗಳಿಂದ ನೋವು, ಪರೀಕ್ಷೆಗಳು ನಡೆಯುತ್ತಿದ್ದವು. ಪಕ್ಕದ ಬೀದಿಯಲ್ಲಿದ್ದ ಸೋದರತ್ತೆಗೆ ಸುದ್ದಿ ಮುಟ್ಟಿ ಓಡಿಬಂದಳು. ಮೂರು ಮನೆ ಆಚೆಗಿದ್ದ ಒಬ್ಬ ಲಾರಿ ಡ್ರೈವರನ್ನು ಅವಳು ನನಗಾಗಿ ಎಂದೋ ನೋಡಿಟ್ಟಿದ್ದಳು. ಅವನ ದೊಡ್ಡ ಗುಣ ಏನೆಂದರೆ, ಮದುವೆಯಾದರೂ ಬಾಯಿ ಮೂರು ಮನೆಗಿಂತ ಆಚೆ ಹೋಗುವುದಿಲ್ಲವಂತೆ, ಕೂಗಿದರೆ ಕೇಳಿಸುತ್ತದಂತೆ. ಹೇಳಿ ತಾನೇ ನಕ್ಕಳು. ಅಪ್ಪನೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ‘ಹಂಗಾದ್ರೆ ಅವನಿಗೆ ಬೇಡ, ನನ್ನನ್ನ ಫೋನಿನ ಕಂಬಕ್ಕೇ ಕಟ್ಟಿಬಿಡಿ’ ಎಂದು ಹೇಳಿ ಎದ್ದುಹೋದೆ. ಎದ್ದುಹೋಗುವುದಕ್ಕೆ ಇದ್ದದ್ದು ಒಂದೇ ಕೋಣೆಯ ಆ ತುದಿ. ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತೆ.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಪೊಟ್ಟಣ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಅಪ್ಪ ಇದ್ದ ಒಂದೇ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಎದುರು ಕೂತಿದ್ದರು. ಹೊರಗಿನವರು ಬಂದರೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಆತು ನಿಲ್ಲುತ್ತಾಳೆ, ಅಂದೂ ನಿಂತಳು. ನಾನು ನಡುವೆ ನಿಂತೆ. ಮಾತು ದಾಟಿಸುವಾಗ ನಾನು ಕೂತದ್ದೇ ಇಲ್ಲ.

ಮೇಷ್ಟ್ರು ಹೇಳಬೇಕಾದದ್ದನ್ನು ಚುಟುಕಾಗಿ ಹೇಳಿದರು. ಇಂಥ ಕೈ ತಾವು ಮೂವತ್ತು ವರ್ಷದಲ್ಲಿ ಎರಡೇ ನೋಡಿದ್ದು, ಮೂರು ವರ್ಷದ ಕಲಿಕೆ, ಆರು ತಿಂಗಳಿಗೊಮ್ಮೆ ಮನೆಗೆ ಬರಬಹುದು, ಮುಗಿಸಿ ಬಂದರೆ ಇದೇ ಕಾರ್ಯಾಗಾರದಲ್ಲಿ ಜಾಗ ಎಂದರು. ಅಷ್ಟನ್ನೂ ಇದ್ದ ಹಾಗೇ ಅಪ್ಪನಿಗೆ ಹೇಳಿದೆ. ‘ಇಂಥ ಕೈ’ ಅನ್ನುವುದನ್ನು ಮಾತ್ರ ಹೇಳಲು ನಾಚಿಕೆಯಾಗಿ, ಕೆಲಸ ಚೆನ್ನಾಗಿ ಮಾಡ್ತೀನಂತೆ ಎಂದು ಸಣ್ಣದು ಮಾಡಿದೆ.

ಅಪ್ಪನಿಗೆ ಎಷ್ಟೋ ವರ್ಷದ ಮೇಲೆ ಮೈಕು ಸಿಕ್ಕಿದ ಹಾಗಾಯಿತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಎರಡು ಚೀಲ, ಒಂದು ಹುಡುಗಿ ಕಟ್ಟಿಕೊಂಡು ಈ ಊರಿಗೆ ಬಂದದ್ದು. ಇವಳಿಲ್ಲದಿದ್ದರೆ ಬಂದ ಕಾಗದ ಓದುವವರು ಯಾರು. ಇವರಮ್ಮನ ಪಕ್ಕೆನೋವಿಗೆ ಡಾಕ್ಟರ ಹತ್ತಿರ ಯಾರು ಹೋಗಬೇಕು. ಇನ್ನೊಂದು ಮಗು ಇದ್ದಿದ್ದರೆ ಮಾತು ಬೇರೆ ಇತ್ತು. ಒಂದೊಂದನ್ನೂ ದಾಟಿಸಿದೆ. ಮೇಷ್ಟ್ರು ಕೊನೆಯವರೆಗೂ ಕೇಳಿ, ಇದಕ್ಕೆಲ್ಲ ನನ್ನ ಹತ್ತಿರ ಉತ್ತರ ಇಲ್ಲ, ಹೌದೋ ಅಲ್ಲವೋ ಹೇಳಿ, ಹೇಗಿದ್ದರೂ ನನಗೆ ಬೇಸರವಿಲ್ಲ ಎಂದರು. ಅದನ್ನೂ ಹೇಳಿದೆ.

ಅಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. ಚಳಿಯಲ್ಲಿ ಪೆಟ್ಟಿಗೆ ಹಿಡಿದೂ ಹಿಡಿದೂ ಅವರ ಉಗುರುಗಳ ಕೆಳಗೆ ನೀಲಿ ನಿಂತುಬಿಟ್ಟಿದೆ. ಆಮೇಲೆ ಮೈಕಿನ ಗಂಟಲು ಬಿಟ್ಟು, ಸಣ್ಣಗೆ ಮಾತಾಡಿದರು.

‘ಕಳಿಸ್ತೀವಿ ಅಂತ ಹೇಳಮ್ಮ. ನಾವು ಹೇಗೋ ಮಾಡ್ಕೋತೀವಿ.’

ನಾನು ಕುಣಿದಾಡಬೇಕಿತ್ತು. ನಾಲ್ಕು ವರ್ಷದಿಂದ ಹಗಲೂ ರಾತ್ರಿ ನಾನು ಕಾದ ಮಾತು ಅದು. ಆದರೆ ಆ ‘ಹೇಗೋ’ ಅನ್ನುವುದು ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು. ಅಮ್ಮನ ಕಡೆ ನೋಡಿದೆ. ಪಕ್ಕೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಇವರಿಬ್ಬರೇ ಕೂತಿರುವುದು, ಒಳಗಿನಿಂದ ಇವರ ಸರದಿ ಕೂಗುವುದು, ಅದು ತಮ್ಮದೇ ಎಂದು ತಿಳಿಯದೆ ಇವರು ಕೂತೇ ಇರುವುದು, ಎಲ್ಲ ಕಣ್ಣಮುಂದೆ ಬಂತು. ಇನ್ನೊಂದೂ ಇತ್ತು. ಅದನ್ನು ಯಾರಿಗೂ ಹೇಳಿಲ್ಲ. ನನಗೆ ಭಯವಾಯಿತು. ಇಲ್ಲಿ ನಾನಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಅಲ್ಲಿ ಹೋಗಿ, ಓದಲಾಗದೆ, ಬರೆಯಲಾಗದೆ, ಮುಖ ಬಾಡಿಸಿಕೊಂಡು ವಾಪಸು ಬಂದರೆ? ಅದರಲ್ಲಿ ಪ್ರೀತಿ ಎಷ್ಟಿತ್ತು, ಹೇಡಿತನ ಎಷ್ಟಿತ್ತು, ಇವತ್ತಿಗೂ ನನಗೆ ಬಿಡಿಸಲಾಗಿಲ್ಲ.

ಮೇಷ್ಟ್ರ ಕಡೆ ತಿರುಗಿ, ಅವರ ಭಾಷೆಯಲ್ಲಿ, ತುಂಬಾ ವಿನಯದಿಂದ, ನಮ್ಮ ತಂದೆಗೆ ನನ್ನನ್ನು ಕಳಿಸಲು ಆಗುವುದಿಲ್ಲವಂತೆ, ಕ್ಷಮಿಸಬೇಕಂತೆ ಅಂದೆ.

ಮೇಷ್ಟ್ರು ಅಪ್ಪನನ್ನು ನೋಡಿದರು. ಅಪ್ಪ ಕಣ್ಣು ತುಂಬಿಕೊಂಡು, ಕೈ ಮುಗಿದು ನಕ್ಕರು. ಮಗಳನ್ನು ಬಿಡಲಾರದ ತಂದೆ ಎಂದು ಮೇಷ್ಟ್ರು ಅಂದುಕೊಂಡಿರಬೇಕು. ಮಗಳನ್ನು ಕೊಟ್ಟ ತಂದೆ ಎಂದು ಅಪ್ಪ ಅಂದುಕೊಂಡಿದ್ದರು. ಮೇಷ್ಟ್ರು ಎದ್ದು ಎರಡೂ ಕೈಯಲ್ಲಿ ಅಪ್ಪನ ಕೈ ಹಿಡಿದರು. ಅಪ್ಪ ಆ ಕೈ ಬಿಡಲೇ ಇಲ್ಲ. ‘ಮಗು ಥರ ನೋಡ್ಕೊಳ್ಳಿ ಅಂತ ಹೇಳು’ ಅಂದರು. ಹಣ್ಣಿಗೆ ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದು ನಾನು ಮೇಷ್ಟ್ರಿಗೆ ಹೇಳಿದೆ.

ನಾಳೆ ಸರಿಮಾಡುತ್ತೇನೆ ಎಂದುಕೊಂಡೆ. ಮರುದಿನ ಹೋಗಿ ಗುಡಿಸಿದೆ, ಪುಡಿ ಎತ್ತಿದೆ, ಬಾಯಿ ಬಿಡಲಿಲ್ಲ. ಊರಿಗೆಲ್ಲ ಬಾಯಿಯಾದವಳಿಗೆ ನನ್ನ ಒಂದು ಮಾತು ಆಡಲು ಬಾಯಿರಲಿಲ್ಲ. ಗುರುವಾರ ಮೇಷ್ಟ್ರೇ ಹತ್ತಿರ ಬಂದು, ಪ್ಲಾಸ್ಟರ್ ಕೋಣೆಯ ನರ್ಸ್ ಒಬ್ಬಳ ಹೆಸರು ಕಳಿಸಿದ್ದೇನೆ, ನಿನ್ನ ತಂದೆಯ ಮೇಲೆ ಕೋಪ ಇಟ್ಟುಕೊಳ್ಳಬೇಡ, ಒಳ್ಳೆಯ ಮನುಷ್ಯ ಅಂದರು. ಕಪಾಳಕ್ಕೆ ಹೊಡೆದ ಹಾಗಾಯಿತು. ತಲೆಯಾಡಿಸಿದೆ.

ಮನೆಯಲ್ಲಿ ಬೇರೆಯದೇ ನಡೆಯುತ್ತಿತ್ತು. ಅಪ್ಪ ಒಂದು ನೀಲಿ ಸೂಟ್‌ಕೇಸು ತಂದರು. ಅದರ ಚಕ್ರ ಉರುಳಿಸಿ ಉರುಳಿಸಿ, ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟುವವರೆಗೂ ಪರೀಕ್ಷೆ ಮಾಡಿದರು. ಶೀತಲಗೃಹದ ಜೊತೆಗಾರರಿಗೆ ತಮ್ಮ ಮೊಣಕಾಲು ತಟ್ಟಿ, ರೈಲಿನ ಹಾಗೆ ಕೈಯಾಡಿಸಿ, ಎದೆ ಮುಟ್ಟಿಕೊಂಡು, ಮಗಳು ಕಾಲು ಮಾಡುವುದು ಕಲಿಯಲು ಹೋಗುತ್ತಾಳೆ ಎಂದು ತಿಳಿಸಿದ್ದರಂತೆ. ಅವರಿಗೆಲ್ಲ ಅರ್ಥವಾಯಿತು ಎಂದು ಬಂದು ಹೇಳಿದರು. ಅಮ್ಮ ಒಂದು ರಟ್ಟಿನ ಹಾಳೆಯ ಮೇಲೆ ನನ್ನಿಂದ ಪದಗಳನ್ನು ಕೇಳಿ ನಮ್ಮ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದಳು. ನೋವು. ಬಲಗಡೆ. ಊಟ ಆದಮೇಲೆ. ಮನೆಯಲ್ಲಿ ಬಟ್ಟೆ ಮಡಿಸುವಾಗಲೂ ಬಾಯಿಪಾಠ ಮಾಡುತ್ತಿದ್ದಳು. ನಾನು ತಪ್ಪು ತಿದ್ದುತ್ತಿದ್ದೆ. ನಾನಿಲ್ಲದೆ ಇವರು ಬದುಕುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೆ. ಇವರು ನೋಡಿದರೆ ನನ್ನ ಕಣ್ಣೆದುರೇ ಬದುಕಲು ಕಲಿಯುತ್ತಿದ್ದರು.

ಮೂರು ವಾರ ಹೀಗೇ ದೂಡಿದೆ. ರೈಲಿನ ಟಿಕೆಟ್ ಎಲ್ಲಿ ಎಂದು ಅಪ್ಪ ಕೇಳಿದ ದಿನ, ಮೇಷ್ಟ್ರು ಬೇರೆಯವರನ್ನ ಕಳಿಸಿಬಿಟ್ಟರಂತೆ ಅಂದೆ. ಎರಡು ಕಡೆಗೂ ಸುಳ್ಳು ಹೇಳಿ ಮುಗಿದಿತ್ತು. ಇನ್ನು ಯಾವ ಕಡೆಗೂ ಹೇಳುವುದಕ್ಕೆ ಏನೂ ಉಳಿದಿಲ್ಲ ಎಂದುಕೊಂಡೆ.

ಅಪ್ಪನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಮನೆಗೆ ಬಂದು, ಕೈ ಹಿಡಿದು ಮಾತು ಕೊಟ್ಟು, ಹೊರಗಿನವರು ಎಂದು ನಮಗೆ ಕೈ ಕೊಟ್ಟನಲ್ಲ ಎಂದು ಕೂಗಾಡಿದರು. ಬಿಡಿ ಎಂದೆ, ಹೋಗಲಿ ಎಂದೆ, ನನಗೂ ಇಷ್ಟವಿರಲಿಲ್ಲ ಎಂದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಆ ಕೋಟು ತೊಟ್ಟು, ‘ನಡಿ, ನೀನೂ ಬಾ. ಎದುರಿಗೆ ನಿಂತು ಕೇಳೋಣ’ ಅಂದರು. ಕೇಳುವುದಕ್ಕೂ ನಾನೇ ಬೇಕಿತ್ತು.

ಕಾರ್ಯಾಗಾರದೊಳಗೆ ಕಾಲಿಟ್ಟಾಗ ಅಪ್ಪ ಒಂದು ಕ್ಷಣ ನಿಂತರು. ಗೋಡೆಯುದ್ದಕ್ಕೂ ಕೊಕ್ಕೆಗಳಲ್ಲಿ ಸಾಲಾಗಿ ತೂಗುಹಾಕಿದ ಕಾಲುಗಳನ್ನು ಅವರು ನೋಡಿದ್ದು ಅದೇ ಮೊದಲು. ‘ಇದರಲ್ಲಿ ನೀನು ಮಾಡಿದ್ದು ಯಾವುದು?’ ಎಂದು ಕೇಳಿದರು. ಮಕ್ಕಳದೊಂದನ್ನು ತೋರಿಸಿದೆ. ಅದನ್ನು ಮುಟ್ಟಿ ನೋಡಿದರು. ಅಷ್ಟರಲ್ಲಿ ಮೇಷ್ಟ್ರು ಸಂತೋಷದಿಂದ ಓಡಿಬಂದು ಕುರ್ಚಿ ಎಳೆದು ಹಾಕಿದರು. ಅಪ್ಪ ಕೂರಲಿಲ್ಲ.

‘ನನ್ನ ಮಗಳಲ್ಲಿ ಏನು ಕಮ್ಮಿ ಇತ್ತು ಅಂತ ಕೇಳು’ ಅಂದರು.

ಇನ್ನೊಂದು ಸುಳ್ಳು ಹೇಳಬಹುದಿತ್ತು. ಕಾರ್ಯಾಗಾರ ನೋಡಲು ಬಂದಿದ್ದಾರೆ ಎಂದಿದ್ದರೆ ಮೇಷ್ಟ್ರು ಎಲ್ಲ ತೋರಿಸಿ, ಚಹಾ ಕೊಟ್ಟು ಕಳಿಸುತ್ತಿದ್ದರು. ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ನನಗೆ ಸಾಕಾಗಿಹೋಗಿತ್ತು. ಅಪ್ಪ ಕೇಳಿದ್ದನ್ನು ಅಪ್ಪ ಕೇಳಿದ ಹಾಗೇ, ಅದೇ ಗಡಸಿನಲ್ಲಿ ಕೇಳಿದೆ. ಮೇಷ್ಟ್ರು ಕನ್ನಡಕ ತೆಗೆದರು. ಏನೂ ಕಡಿಮೆ ಇರಲಿಲ್ಲ, ಕಳಿಸಲು ಆಗುವುದಿಲ್ಲ ಎಂದು ನೀವೇ ಹೇಳಿದಿರಲ್ಲ, ಅದಕ್ಕೇ ಬೇರೆಯವರನ್ನು ಕಳಿಸಿದೆ ಎಂದು ಅಪ್ಪನ ಮುಖ ನೋಡಿಕೊಂಡೇ ಹೇಳಿದರು.

‘ಏನಂತಾರೆ?’

ಪಕ್ಕದ ಮೇಜಿನಲ್ಲಿ ಅರ ಉಜ್ಜುತ್ತಿದ್ದವರೂ ಕೈ ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು.

‘ಏನಂದ್ರು ಹೇಳು.’

‘ಏನೂ ಕಮ್ಮಿ ಇರ್ಲಿಲ್ಲವಂತೆ. ಕಳಿಸಲ್ಲ ಅಂತ ನೀವೇ ಹೇಳಿದ್ರಂತೆ.’

‘ನಾನೆಲ್ಲಿ ಹಾಗೆ...’ ಎಂದವರು ಅಲ್ಲಿಗೇ ನಿಂತರು. ಅಪ್ಪ ದಡ್ಡರಲ್ಲ. ನನ್ನನ್ನೇ ನೋಡಿದರು. ಅವರು ಆ ಭಾನುವಾರಕ್ಕೆ ಹೋಗಿ, ಒಂದೊಂದು ಮಾತನ್ನೂ ಎತ್ತಿ ನೋಡುತ್ತಿರುವುದು ನನಗೆ ಅವರ ಮುಖದಲ್ಲೇ ಕಾಣುತ್ತಿತ್ತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆಮೇಲೆ ಅವರು ಮೇಷ್ಟ್ರ ಕಡೆ ತಿರುಗಿ, ಕೋಟು ಸರಿಮಾಡಿಕೊಂಡು, ಕೈ ಮುಗಿದರು.

‘ಹೌದು, ಹಾಗಂದಿದ್ದು ನಾನೇ ಅಂತ ಹೇಳು. ನನ್ನದೇ ತಪ್ಪಾಯ್ತು ಅಂತ ಹೇಳು. ಇನ್ನೂ ಏನಾದ್ರೂ ದಾರಿ ಇದೆಯಾ, ಕೇಳು.’

ಅಷ್ಟು ಜನರೆದುರು ನನ್ನ ಮರ್ಯಾದೆ ಉಳಿಸಿದರು. ನಾನು ಹೇಳಿದೆ, ಕೊನೆಯ ಮಾತನ್ನು ಮೇಷ್ಟ್ರ ಮುಖ ನೋಡದೆ ಹೇಳಿದೆ. ಮೇಷ್ಟ್ರಿಗೆ ತಿಳಿಯಿತೋ ಏನೋ, ನನ್ನನ್ನು ನೋಡಿದ ರೀತಿ ಬೇರೆಯಾಯಿತು. ಜಾಗ ತುಂಬಿದೆ, ಮುಂದಿನ ಸರದಿಗೆ ಎರಡು ವರ್ಷ, ಬರುವ ವರ್ಷ ನನ್ನ ನಿವೃತ್ತಿ, ಆಮೇಲೆ ಬರುವವರು ಯಾರನ್ನು ಕಳಿಸುತ್ತಾರೋ ನಾನು ಹೇಗೆ ಹೇಳಲಿ ಎಂದರು. ಅದನ್ನು ಒಂದಕ್ಷರ ಬಿಡದೆ ಅಪ್ಪನಿಗೆ ಹೇಳಿದೆ. ಅಪ್ಪ ಸರಿ ಅಂದರು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಮೂರು ನಿಲ್ದಾಣ ದಾಟಿದ ಮೇಲೆ ಯಾಕೆ ಎಂದು ಕೇಳಿದರು. ನೀವಿಬ್ಬರೇ ಆಗಿಬಿಡ್ತೀರಲ್ಲ ಅಂತ, ಅಂದೆ. ಅವರು ಕಿಟಕಿಯ ಕಡೆ ತಿರುಗಿದರು.

‘ಹಾಗಾದ್ರೆ ಹದಿಮೂರು ವರ್ಷದಿಂದ ಈ ಊರಲ್ಲಿ ನಾನು ಏನೇನು ಮಾತಾಡಿದೀನಿ?’

ಅದು ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿ ಕೇಳುತ್ತಿದ್ದರು. ಮಾಲೀಕನಿಗೆ, ಶಾಲೆಯವರಿಗೆ, ಆಫೀಸಿನವರಿಗೆ ತಾವು ಹೇಳಿದ್ದರಲ್ಲಿ ಯಾವುದು ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂದು ಅವರಿಗೆ ಈಗ ಗೊತ್ತಾಗಬೇಕಿತ್ತು. ನನಗೇ ನೆನಪಿರಲಿಲ್ಲ. ಇಳಿಯುವವರೆಗೂ ಅವರು ಕಾದರು.

ಆಮೇಲೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ‘ಎಲ್ಲಿ ನಮ್ಮ ಬಾಯಿ’ ಅನ್ನುವುದು ನಿಂತಿತು. ಫೋನು ಬಡಿದುಕೊಂಡರೆ ಅದರ ಪಾಡಿಗೆ ಬಡಿದುಕೊಂಡು ಸುಮ್ಮನಾಗುತ್ತಿತ್ತು.

ಸೋಮವಾರ ಅಮ್ಮನ ಪರೀಕ್ಷೆಯ ಫಲಿತಾಂಶ ಹೇಳುವ ದಿನ. ನಾನು ರಜೆ ಹಾಕಿದ್ದೆ, ಬೆಳಿಗ್ಗೆಯೇ ಬೂಟು ಹಾಕಿಕೊಂಡು ತಯಾರಾದೆ. ಬಾಗಿಲಲ್ಲಿ ಅಪ್ಪ ನನ್ನನ್ನು ನೋಡದೆ, ‘ನೀನು ಕೆಲಸಕ್ಕೆ ಹೋಗು’ ಅಂದರು. ಹೊರಗೆ ಮೆಟ್ಟಿಲ ಮೇಲೆ ಎರಡನೇ ಮಹಡಿಯವರ ಮಗಳು ನಿಂತಿದ್ದಳು. ನಮ್ಮ ಕಡೆಯವರೇ, ಬಂದು ಮೂರು ವರ್ಷವಾಗಿದೆ. ಹುಡುಗಿಗೆ ಹನ್ನೊಂದು. ಶಾಲೆಯ ಸಮವಸ್ತ್ರದಲ್ಲಿದ್ದಳು, ಒಂದು ದಿನದ ಮಟ್ಟಿಗೆ ಅವಳ ಅಪ್ಪನನ್ನು ಕೇಳಿಕೊಂಡು ಕರೆಸಿದ್ದರು. ಅವಳು ಇನ್ನೂ ಮಗು ಅಪ್ಪಾ, ಅವಳನ್ನ ಬಿಡಿ ಎಂದು ಅಂಗಲಾಚಿದೆ. ಅಮ್ಮ ಒಂದು ಸಲ ನನ್ನ ಮುಖ ನೋಡಿದಳು. ರಟ್ಟಿನ ಹಾಳೆ ಚೀಲದಲ್ಲಿಟ್ಟುಕೊಂಡು, ಆ ಹುಡುಗಿಯ ಕೈ ಹಿಡಿದು ಇಳಿದುಹೋದಳು.

ಕೆಲಸಕ್ಕೆ ಹೋಗಲಿಲ್ಲ. ನಮ್ಮ ಕಟ್ಟಡದ ಎದುರಿನ ಫುಟ್‌ಪಾತಿನ ಮೇಲೆ ಮಧ್ಯಾಹ್ನದವರೆಗೂ ನಿಂತೆ. ಅವರು ಬಂದರು. ಅಮ್ಮನ ಮುಖ ಹಗುರವಾಗಿತ್ತು, ಅಪ್ಪ ಹುಡುಗಿಗೆ ಒಂದು ಚಾಕೊಲೇಟ್ ಕೊಡಿಸಿದ್ದರು. ಅವರು ಮೇಲೆ ಹತ್ತಿಹೋದ ಮೇಲೆ ಹುಡುಗಿಯನ್ನು ಎರಡನೇ ಮಹಡಿಯ ಮೆಟ್ಟಿಲಲ್ಲಿ ತಡೆದು, ಡಾಕ್ಟರು ಏನಂದರು ಎಂದು ಕೇಳಿದೆ.

‘ಅತ್ತೆ ಚೆನ್ನಾಗಿದಾರೆ ಅಂತ ಹೇಳಿದೆ ಅಕ್ಕ.’

‘ನೀನು ಹೇಳಿದ್ದಲ್ಲ. ಡಾಕ್ಟ್ರು ಹೇಳಿದ್ದು.’

ಅವಳು ತನ್ನ ಬೂಟಿನ ತುದಿ ನೋಡಿಕೊಂಡಳು. ಆಮೇಲೆ ಇಲ್ಲಿಯ ಭಾಷೆಯ ಒಂದು ಪದವನ್ನು, ಪರೀಕ್ಷೆಗೆ ಕಂಠಪಾಠ ಮಾಡಿಕೊಂಡವಳಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಕ್ಯಾನ್ಸರಿಗೆ ಇಲ್ಲಿಯವರು ಹೇಳುವ ಪದ ಅದು. ನಾಳೆಯೇ ದೊಡ್ಡವರು ಯಾರಾದರೂ ಬರಬೇಕು ಎಂದೂ ಡಾಕ್ಟರು ಅಂದರಂತೆ. ಮಾಮ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಅದನ್ನೂ ಹೇಳಲಿಲ್ಲವಂತೆ. ‘ಆ ಪದಕ್ಕೆ ನಮ್ಮ ಭಾಷೇಲಿ ಏನಂತಾರೆ ಅಂತ ನಂಗೆ ಗೊತ್ತಾಗ್ಲಿಲ್ಲ. ಕೆಟ್ಟದ್ದಾ ಅಕ್ಕ?’

ಏನೂ ಇಲ್ಲ, ನೀನು ಒಳಗೆ ಹೋಗು ಎಂದು ಅವಳನ್ನು ಕಳಿಸಿದೆ. ಮೇಲೆ ನಮ್ಮ ಮನೆಯ ಬಾಗಿಲು ತೆರೆದಿತ್ತು. ಮಗು ಎಷ್ಟು ಚೆನ್ನಾಗಿ ಹೇಳಿಕೊಟ್ಟಳು ನೋಡಿ ಎಂದು ಅಮ್ಮ ಅನ್ನುತ್ತಿದ್ದಳು. ಅಪ್ಪ ಹೂಂ ಅನ್ನುತ್ತಿದ್ದರು. ಎಷ್ಟೋ ದಿನದ ಮೇಲೆ ಇಬ್ಬರ ದನಿಯಲ್ಲೂ ನೆಮ್ಮದಿಯಿತ್ತು. ಹೋಗಿ ಹೇಳಬೇಕಿತ್ತು, ಇವತ್ತೇ ಹೇಳಬೇಕಿತ್ತು. ನಾನು ಹೇಳಿದರೆ ನಂಬುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.